ಹಿಡ್ಕಳವ್ವ, ಅಲ್ಲಾಡುಸ್ಬ್ಯಾಡ

ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಕಡೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಅಂಟು ಕೇಳಿದರೆ ಅಲ್ಲಿನ ಹುಡುಗ ಕೇಳುವುದು ಒಂದೇ ಪ್ರಶ್ನೆ: ‘ಅರ್ಜೆಂಟಾ ಮೇಡಂ?’ ಯಾವ ಮರ, ಎಂಥ ಜೋಡಣೆ, ಮೇಲೆ ನೀರು ಬೀಳುತ್ತೋ ಇಲ್ಲವೋ, ಇದ್ಯಾವುದೂ ಅವನಿಗೆ ಬೇಡ. ಅರ್ಜೆಂಟು ಅಂದರೆ ಫೆವಿಕ್ವಿಕ್ ಟ್ಯೂಬು, ಇಲ್ಲ ಅಂದರೆ ಫೆವಿಕಾಲ್ ಡಬ್ಬಿ. ಅವನ ಪ್ರಪಂಚದಲ್ಲಿ ಮೂರನೆಯದಿಲ್ಲ.

ನನ್ನ ಕೆಲಸವೋ, ಅರ್ಜೆಂಟೂ ಹೌದು, ಅಲ್ಲವೂ ಹೌದು. ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಪಕ್ಕದಲ್ಲಿಡಲು ಪುಟ್ಟ ಪುಟ್ಟ ಮರದ ಸಾಮಾನು ಮಾಡುವ ಗೀಳು ನನಗೆ. ತೇರು, ಮಂಟಪ, ಏತ, ಒಂದು ವರ್ಷ ಬಾಗಿಲುಗಳ ಸಮೇತ ಗೊರೂರು ಅಣೆಕಟ್ಟೆ. ಬಡಗಿ ಬಿಟ್ಟುಹೋದ ತೇಗದ ಚೂರು, ಕಾಫಿ ತೋಟದ ನೆಂಟರು ಕೊಟ್ಟ ಸಿಲ್ವರ್ ಓಕ್ ಪಟ್ಟಿ, ಮುರಿದ ಮಂಚದ ಬೀಟೆ, ಎಲ್ಲ ನಡೆಯುತ್ತದೆ. ಬೆಂಕಿಕಡ್ಡಿ ಗಾತ್ರದ ಕಂಬಕ್ಕೆ ಮೊಳೆ ಹೊಡೆಯುವ ಹಾಗಿಲ್ಲ, ಸೀಳಿಹೋಗುತ್ತದೆ. ಹಾಗಾಗಿ ನನ್ನ ಲೋಕವೆಲ್ಲ ನಿಂತಿರುವುದು ಅಂಟಿನ ಮೇಲೆ.

ಅಂಟಿನ ಜೊತೆ ನನ್ನ ಸಂಬಂಧ ಶುರುವಾದದ್ದು ಹೊಳೆನರಸೀಪುರದ ಅಜ್ಜಿ ಮನೆಯ ಹಿತ್ತಲಿನಲ್ಲಿ. ಮನೆಯ ಮರಗೆಲಸಕ್ಕೆ ಬರುತ್ತಿದ್ದ ಆಚಾರ್ರು ತಮ್ಮ ಅಂಟನ್ನು ವಜ್ರ ಅನ್ನುತ್ತಿದ್ದರು. ಪೇಟೆಯಲ್ಲಿ ಕೆಲವರು ಸರೇಸು ಅಂತಲೂ ಕರೆಯುತ್ತಿದ್ದರು. ಕಂದು ಬಣ್ಣದ ಗಟ್ಟಿ ಬಿಲ್ಲೆ. ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಉಬ್ಬಿದ ಮೇಲೆ ಚಿಕ್ಕ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ನೀರು ತುಂಬಿದ ದೊಡ್ಡ ಡಬ್ಬಿಯೊಳಗಿಟ್ಟು ಕಾಯಿಸುವುದು. ನೇರ ಉರಿ ತಾಗಿಸಿ ಕುದಿಸಿದರೆ ಅಂಟಿನ ಸತ್ವ ಹೋಯಿತು. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ತೊಟ್ಟು ಹಿಡಿದು ಎಳೆದಾಗ ನೂಲು ಬಂದರೆ ಹದ. ಎರಡೂ ಮುಖಕ್ಕೆ ಬಿಸಿಬಿಸಿ ಬಳಿದು, ಒಂದರ ಮೇಲೊಂದು ಇಟ್ಟು ಹಿಂದೆ ಮುಂದೆ ತಿಕ್ಕುತ್ತಿದ್ದರು. ಜಾರುತ್ತಾ ಇದ್ದ ಮರ ಇದ್ದಕ್ಕಿದ್ದಂತೆ ಬಿಗಿಯುತ್ತಿತ್ತು. ಆಗ ನನ್ನ ಸರದಿ. ‘ಹಿಡ್ಕಳವ್ವ, ಅಲ್ಲಾಡುಸ್ಬ್ಯಾಡ.’ ನಾನು ಉಸಿರು ಬಿಗಿಹಿಡಿದು ಕೂರುತ್ತಿದ್ದೆ.

ಇಷ್ಟೆಲ್ಲ ಹಿತ್ತಲಿನಲ್ಲೇ ಆಗಬೇಕು. ‘ಅದನ್ನ ಒಳಗೆ ತರಕೂಡದು’ ಎಂಬುದು ಅಜ್ಜಿಯ ಕಟ್ಟಾಜ್ಞೆ. ವಾಸನೆ ಒಂದು ಕಾರಣ, ಆ ವಾಸನೆ ಎಲ್ಲಿಂದ ಬರುತ್ತದೆ ಎಂಬುದು ಇನ್ನೊಂದು. ಚರ್ಮ, ಮೂಳೆ ಬೇಯಿಸಿ ತೆಗೆದದ್ದಲ್ಲವೇ ಅದು.

ವಿದ್ಯೆ ಹಳೆಯದು. ವರಾಹಮಿಹಿರ ಆರನೇ ಶತಮಾನದಲ್ಲೇ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಬಲಿಯದ ತೂಬರೆಕಾಯಿ, ಬೇಲದ ಕಾಯಿ, ಬೂರುಗದ ಹೂವು ಇತ್ಯಾದಿಗಳ ಕಷಾಯ ಒಂದು ಬಗೆ. ಕೊಂಬು, ಚರ್ಮ ಹಾಕಿದ್ದು ಇನ್ನೊಂದು. ಗುಡಿಗೆ, ವಿಗ್ರಹಕ್ಕೆ ಬಳಿದರೆ ಒಂದು ಕೋಟಿ ವರ್ಷ ನಿಲ್ಲುತ್ತದಂತೆ. ಇಂದಿನ ಯಾವ ಅಂಟಿನ ಕಂಪನಿಯೂ ಜಾಹೀರಾತಿನಲ್ಲಿ ಇಷ್ಟು ಧೈರ್ಯ ಮಾಡಿಲ್ಲ. ನಮ್ಮ ವಿಷ್ಣುವರ್ಧನ ಬೇಲೂರಿನಲ್ಲಿ 1117ರಲ್ಲಿ ಗುಡಿ ಎತ್ತಿಸಿದ ಮೇಲೆ ಹೆಚ್ಚು ವರ್ಷ ಕಳೆದಿರಲಿಲ್ಲ. ಅವನು ಹೆಸರಿಗಾದರೂ ಅಧೀನನಾಗಿದ್ದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯಾಗುವ ತನಕ ಬೇಯಿಸಿ, ಕಡ್ಡಿ ಮಾಡಿ ಒಣಗಿಸಿಟ್ಟು, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿಕೊಳ್ಳಿ ಎಂದು ಬರೆಯಿಸಿದ. ಅವನಿಗೆ ಅದು ಬೇಕಾಗಿದ್ದದ್ದು ಚಿತ್ರದ ಬಣ್ಣಕ್ಕೆ. ರಾಜನೊಬ್ಬ ಅಂಟಿನ ಹದ ಹೇಳಿದ್ದನ್ನು ನೆನೆದಾಗಲೆಲ್ಲ ನನಗೆ ನಮ್ಮ ಆಚಾರ್ರ ಮೇಲೆ ಗೌರವ ಹೆಚ್ಚುತ್ತದೆ.

ಈ ವಜ್ರದ ಬುಡಕ್ಕೆ ನೀರು ಬಿಟ್ಟದ್ದು ಬಿಳಿ ಅಂಟು. ಗುಜರಾತಿನ ಬಲವಂತ ಪಾರೇಖ್ ಓದಿದ್ದು ಕಾನೂನು; ಮುಂಬಯಿಯಲ್ಲಿ ಮರದ ವ್ಯಾಪಾರಿಯೊಬ್ಬರ ಬಳಿ ಜವಾನರಾಗಿ ದುಡಿದು ಅಲ್ಲಿಯ ಗೋದಾಮಿನಲ್ಲೇ ಸಂಸಾರ ಮಾಡಿದವರು. 1959ರಲ್ಲಿ ಅವರ ಕಡೆಯಿಂದ ಫೆವಿಕಾಲ್ ಬಂತು. ನೆನೆಹಾಕುವುದಿಲ್ಲ, ಕಾಯಿಸುವುದಿಲ್ಲ, ಡಬ್ಬಿ ತೆಗೆದು ಬಳಿಯುವುದಷ್ಟೇ. ಚರ್ಮವಿಲ್ಲ, ಮೂಳೆಯಿಲ್ಲ, ಅಜ್ಜಿಯ ಒಪ್ಪಿಗೆ ತಕ್ಷಣ ಸಿಕ್ಕಿತು, ಆಚಾರ್ರು ನಡುಮನೆಗೆ ಬಂದು ಕೂತರು. ಆದರೆ ಇದು ನಿಧಾನದ ಅಂಟು. ಅದರೊಳಗಿನ ನೀರನ್ನು ಮರ ಕುಡಿದುಕೊಂಡ ಮೇಲೇ ಹಿಡಿತ. ಪೂರಾ ಬಲ ಬರಲು ಒಂದು ದಿನ ಬೇಕು. ಹುಡುಗಿಯೊಬ್ಬಳು ಹಿಡಿದು ಕೂರುವ ಕೆಲಸವಲ್ಲ. ಆಚಾರ್ರು ಸುತ್ತ ಹಗ್ಗ ಬಿಗಿದು, ಕೋಲು ತೂರಿಸಿ ತಿರುವಿ ಕಟ್ಟಿ ಮನೆಗೆ ಹೋಗುತ್ತಿದ್ದರು. ನನ್ನ ನೌಕರಿ ಹಾಗೆ ಹೋಯಿತು.

ಇನ್ನು ಕ್ವಿಕ್. 1942ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಎಂಬಾತ ಬಂದೂಕಿನ ಗುರಿ ನೋಡುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಸಯನೋಅಕ್ರಿಲೇಟ್ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಬೇಸತ್ತು ಪಕ್ಕಕ್ಕಿಟ್ಟರು. 1951ರಲ್ಲಿ ಅವರದೇ ತಂಡದವರು ಪರೀಕ್ಷೆ ಮಾಡುವಾಗ ಬೆಲೆಬಾಳುವ ಉಪಕರಣದ ಎರಡು ಗಾಜು ಕಚ್ಚಿಕೊಂಡು ಬಿಡದೇ ಹೋದವು. ಆಗ ಬುದ್ಧಿ ಹೊಳೆದು, 1958ರಲ್ಲಿ ಅದು ಅಂಟಾಗಿ ಮಾರಾಟಕ್ಕೆ ಬಂತು.

ಇದಕ್ಕೆ ಗಟ್ಟಿಯಾಗಲು ಬೇಕಾದದ್ದು ತೇವ, ಗಾಳಿಯಲ್ಲಿರುವಷ್ಟೇ ಸಾಕು. ನಮ್ಮ ಜಿಲ್ಲೆಯಲ್ಲಿ ಕೂತು ಇದನ್ನು ಬಳಸುವವರು ಹವಾಮಾನ ನೋಡಲೇಬೇಕು. ಅರಕಲಗೂಡಿನ ತಂಗಿ ಮನೆಯಲ್ಲಿ ಆಷಾಢದ ಜಡಿಮಳೆಯಲ್ಲಿ ಟ್ಯೂಬು ಬಿಚ್ಚಿದರೆ ಕಂಬ ನೆಟ್ಟಗಿದೆಯೋ ಅಂತ ನೋಡುವುದರೊಳಗೆ ಸೊಟ್ಟಗೇ ಕೂತಿರುತ್ತದೆ. ಸಾಲದ್ದಕ್ಕೆ ಬೀಟೆಯ ಮೇಲೆ ಬೂದಿ ಬಣ್ಣದ ಮಚ್ಚೆ ಬೇರೆ. ಚನ್ನರಾಯಪಟ್ಟಣದ ಮಗಳ ಮನೆಯಲ್ಲಿ ಶಿವರಾತ್ರಿ ಕಳೆದ ಬಿಸಿಲಿಗೆ ಅದೇ ಅಂಟು ಸೋಮಾರಿ. ಮರದ ಒಂದು ಮುಖಕ್ಕೆ ಬಾಯಿಂದ ‘ಹಾ’ ಅಂತ ಉಸಿರು ಬಿಟ್ಟು ಜೋಡಿಸಿದರೆ ಸರಿಹೋಗುತ್ತದೆ. ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಬೇಕು. ಹತ್ತಿಯನ್ನಂತೂ ಹತ್ತಿರ ತರಬಾರದು; ಹತ್ತಿಗೆ ಈ ಅಂಟು ಸೋಕಿದರೆ ಕೈ ಸುಡುವಷ್ಟು ಕಾವೇರುತ್ತದೆ.

ಚನ್ನರಾಯಪಟ್ಟಣವೆಂದರೆ ತೆಂಗು. ಕೆರೆದು ನುಣುಪು ಮಾಡಿದ ಚಿಪ್ಪಿನ ಪುಟಾಣಿ ಬಟ್ಟಲಿಗೆ ಪಾದ ಕೂರಿಸಲು ಕ್ವಿಕ್ಕೇ ಸರಿ. ಗುಂಡನೆಯ ಮೈಯನ್ನು ಹಗ್ಗ ಹಾಕಿ ಬಿಗಿಯುವುದು ಹೇಗೆ? ಸೌಟು ಮಾಡಲು ಹೊರಟರೆ ಮಾತ್ರ ಬಿಸಿ ಸಾರಿಗೆ ಅಂಟು ಸೋಲುತ್ತದೆ. ನಮ್ಮ ಹಿರಿಯರು ಚಿಪ್ಪಿಗೆ ಎರಡು ತೂತು ಕೊರೆದು ಬಿದಿರ ಕಡ್ಡಿ ತೂರಿಸಿ ಮುಗಿಸಿದ್ದರು.

ಕ್ವಿಕ್ಕಿನ ಬಲ ಎಳೆತಕ್ಕೆ, ಏಟಿಗಲ್ಲ. ಮೆಟ್ಟಿಲಿಂದ ಒಮ್ಮೆ ಉರುಳಿದರೆ ತೇರಿನ ಕಂಬಗಳೆಲ್ಲ ಟಪಟಪ ಉದುರುತ್ತವೆ. ಆದ್ದರಿಂದ ನನ್ನ ಪದ್ಧತಿ ಹೀಗೆ: ಜೋಡಣೆಯ ನಡುವೆ ತೆಳ್ಳಗೆ ಬಿಳಿ ಅಂಟು, ಎರಡು ತುದಿಯಲ್ಲಿ ಒಂದೊಂದು ಹನಿ ಕ್ವಿಕ್. ಕ್ವಿಕ್ ಹಿಡಿದುಕೊಂಡಿರುತ್ತದೆ, ಬಿಳಿ ಅಂಟು ಬಿಡುವಾಗಿ ಒಣಗುತ್ತದೆ. ಅಂದು ಹಿತ್ತಲಿನಲ್ಲಿ ನಾನು ಮಾಡುತ್ತಿದ್ದ ಕೆಲಸವನ್ನು ಈಗ ಈ ಎರಡು ಹನಿ ಮಾಡುತ್ತವೆ. ಅದಕ್ಕಿಂತ ಹೆಚ್ಚಿನ ಜವಾಬ್ದಾರಿ ಅದಕ್ಕೆ ಕೊಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಈ ಪದ್ಧತಿಗೂ ಜಗ್ಗದ ಕೆಲಸ ಬಂದದ್ದು ಅಜ್ಜಿಯ ಪಟ್ಟದ ಗೊಂಬೆಯಲ್ಲಿ. ರಾಣಿಯ ಬಲಗೈ ಸಡಿಲವಾಗಿತ್ತು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿಟ್ಟರೆ ಹಳೆಯ ಅಂಟು ಮೆತ್ತಗಾಗಿ, ಮರದ ಒಂದು ನಾರೂ ಕೀಳದೆ ತೋಳು ಕೈಗೆ ಬಂತು. ಸಂದಿನಲ್ಲಿ ಕಂದು ಗೆರೆ. ವಜ್ರ! ಅಜ್ಜಿ ಹೊಸಿಲು ದಾಟಿಸದಿದ್ದ ಅಂಟು ಎಷ್ಟೋ ನವರಾತ್ರಿ ಅವಳ ಕೈಯಿಂದಲೇ ಆರತಿ ಮಾಡಿಸಿಕೊಂಡಿದೆ.

ಬೇಕಾದಾಗ ಹಿಡಿದು, ಬೇಡವಾದಾಗ ಬಿಡುವ ಗುಣವಿರುವುದರಿಂದಲೇ ಪಿಟೀಲು ಮಾಡುವವರು ಇಂದಿಗೂ ಚರ್ಮದ ಅಂಟನ್ನು ಕೈಬಿಟ್ಟಿಲ್ಲ; ರಿಪೇರಿಗೆ ಬಂದ ವಾದ್ಯದ ಮೇಲುಹಲಗೆಯನ್ನು ತೆಳುವಾದ ಚಾಕು ಆಡಿಸಿ ಬಿಡಿಸಬಹುದು. ಆರ್.ಕೆ. ಶ್ರೀಕಂಠನ್ ಅವರ ರುದ್ರಪಟ್ಟಣ ಅರಕಲಗೂಡು ತಾಲ್ಲೂಕಿನದೇ. ಸಂಗೀತದ ಊರಿನ ಪಕ್ಕದಲ್ಲಿದ್ದೂ ನನಗಿದು ಹೊಳೆಯಲು ರಾಣಿಯ ತೋಳು ಸಡಿಲವಾಗಬೇಕಾಯಿತು. ಮೈಸೂರಿನಲ್ಲಿ ಪಿಟೀಲು ರಿಪೇರಿ ಮಾಡುವವರೊಬ್ಬರು ಒಂದು ಹಿಡಿ ಅಂಟಿನ ಹರಳು ಕೊಟ್ಟರು.

ಡಬ್ಬಿಯೊಳಗೆ ಡಬ್ಬಿಯಿಟ್ಟು ಹಿತ್ತಲಿನಲ್ಲಿ ಕಾಯಿಸುತ್ತಾ ಕೂತಿದ್ದೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, ‘ಏನ್ರೀ ಅದು, ಕಷಾಯವಾ?’ ಅಂದರು.

‘ಹ್ಞೂಂ ಕಣ್ರೀ, ಕೈನೋವಿಗೆ’ ಅಂದೆ.