ಗಾಡಿಗೊಂದು ಮರದ ಒಳಂಗಿ

ಪ್ಲೈವುಡ್ ಅಂಗಡಿಗೆ ಹೋಗುವುದೆಂದರೆ ನನಗೆ ಜಾತ್ರೆಗೆ ಹೊರಟಷ್ಟೇ ಸಡಗರ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಗೆ ಕಾಲಿಟ್ಟರೆ ಸಾಕು, ಕೊಯ್ದ ಮರದ ಹೊಟ್ಟಿನ ಘಮ ಮೂಗು ತುಂಬುತ್ತದೆ. ನಮ್ಮ ಹಳೆಯ ಟೆಂಪೋ ಟ್ರಾವೆಲರನ್ನು ಮಲಗಿ ಏಳುವ ಮನೆ ಮಾಡಲು ಹೊರಟಾಗ, ತಗಡಿನ ಒಳಮೈಗೆ ಹಲಗೆ ಹೊದಿಸುವ ಕೆಲಸವನ್ನು ನನಗೇ ಇಟ್ಟುಕೊಂಡೆ.

“ಗಾಡಿಗಾ ಸಾರ್? ಮಳೇಲಿ ನಿಲ್ಲುತ್ತಾ?” ಅಂಗಡಿಯವರ ಮೊದಲ ಪ್ರಶ್ನೆ. ಮಳೆಯಷ್ಟೇ ಅಲ್ಲ, ಒಳಗೆ ಮಲಗಿದವರ ಉಸಿರೂ ಬೆಳಗಿನ ಜಾವಕ್ಕೆ ತಣ್ಣನೆಯ ತಗಡಿನ ಮೇಲೆ ಹನಿಗಟ್ಟುತ್ತದೆ. ಎಂ.ಆರ್. ಮುದ್ರೆಯ ಹಲಗೆ ಒಣ ಕೋಣೆಯ ಬೀರುವಿಗೆ ಸರಿ, ಇಲ್ಲಿಗೆ ಐ.ಎಸ್. 710 ಮುದ್ರೆಯ ಮರೀನ್ ಪ್ಲೈ ಬೇಕು. ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟರೂ ಅಂಟು ಬಿಡಬಾರದೆಂಬುದು ಅದಕ್ಕಿರುವ ಪರೀಕ್ಷೆ.

8 ಅಡಿಗೆ 4 ಅಡಿಯ 12 ಎಂ.ಎಂ. ಶೀಟು ಇಪ್ಪತ್ತು ಕಿಲೋ ದಾಟುತ್ತದೆ, 6 ಎಂ.ಎಂ. ಅದರ ಅರ್ಧ. ಘಾಟಿ ಹತ್ತುವ ಗಾಡಿಗೆ ಒಂದೊಂದು ಕಿಲೋ ಕೂಡ ಹೊರೆಯೇ. ಗೋಡೆಗೆ 6, ಮಾಡಿಗೆ 4 ಎಂದು ಗೊತ್ತುಮಾಡಿದೆ. ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ಸೊಟ್ಟ ನೋಡಿ, ಬೆರಳ ಗೆಣ್ಣಿನಿಂದ ತಟ್ಟಿ ಟೊಳ್ಳು ಕೇಳಿ, ಒಂದೊಂದನ್ನೇ ಆರಿಸಿದೆ.

4 ಎಂ.ಎಂ. ಹಲಗೆಯಲ್ಲಿ ಮೂರು ಪದರ. ಹೊರಗಿನ ಎರಡರ ಎಳೆ ಒಂದು ದಿಕ್ಕಿಗಾದರೆ ನಡುವಿನದು ಅಡ್ಡ. ಹೊರಪದರದ ಎಳೆಯುದ್ದಕ್ಕೆ ಬಗ್ಗಿಸಹೋದರೆ ಹಲಗೆ ಸೆಟೆಯುತ್ತದೆ; ಎಳೆಗೆ ಅಡ್ಡವಾಗಿ ಬಗ್ಗಿಸಿದರೆ ಚಾಪೆಯಂತೆ ಬಾಗುತ್ತದೆ. ಎಳೆಯನ್ನು ಗಾಡಿಯ ಉದ್ದಕ್ಕೆ ಹಿಡಿದು ಅಂಗೈಯಿಂದ ಒತ್ತಿದಾಗ ಹಲಗೆ ಮಾಡಿನ ಕಮಾನಿಗೆ ಮೆಲ್ಲನೆ ಅಂಟಿಕೊಂಡಿತು. ಆ ಗಳಿಗೆಯ ಸುಖಕ್ಕಾಗಿ ಇನ್ನೊಂದು ಗಾಡಿ ಕಟ್ಟಲೂ ನಾನು ಸಿದ್ಧ.

ಗಾಡಿಯೊಳಗೆ ನೇರ ಗೆರೆಯೆಂಬುದೇ ಇಲ್ಲ. ಟೇಪಿನ ಅಳತೆ ನಂಬಿ ಕೊಯ್ದ ಮೊದಲ ಹಲಗೆ ಚಕ್ರದ ಉಬ್ಬಿನ ಬಳಿ ಬೆರಳಗಲ ಬಾಯಿ ಬಿಟ್ಟಿತು. ಆಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ಗೋಡೆಗೆ ಒತ್ತಿ, ಕೈವಾರದ ಒಂದು ಕಾಲನ್ನು ತಗಡಿನ ತಿರುವಿನ ಮೇಲೆ ನಡೆಸುತ್ತ ಇನ್ನೊಂದರ ಪೆನ್ಸಿಲಿನಿಂದ ರಟ್ಟಿನ ಮೇಲೆ ಗೆರೆ ಎಳೆದೆ. ರಟ್ಟು ಸರಿಯಾಗಿ ಕೂತಮೇಲೆಯೇ ಮರಕ್ಕೆ ಗರಗಸ. ಅಂಚನ್ನು ಉಪ್ಪು ಕಾಗದದಿಂದ ಉಜ್ಜಿ, ಸಂದಿನಲ್ಲಿ ಎರಡು ಎಂ.ಎಂ. ಜಾಗ ಬಿಟ್ಟೆ, ಹಲಗೆಗೆ ಹಲಗೆ ತಾಗಿದರೆ ದಾರಿಯುದ್ದಕ್ಕೂ ಕಿರುಗುಟ್ಟುತ್ತದೆ.

ಸ್ಕ್ರೂ ಬಿಗಿಯುವ ಮುನ್ನ ತಗಡಿನ ಕಡೆಯ ಮುಖಕ್ಕೂ ಕೊಯ್ದ ಅಂಚಿಗೂ ಎರಡು ಕೈ ವಾರ್ನಿಷ್ ಹಚ್ಚಿದೆ. ತೇವ ನುಗ್ಗುವುದು ಅಲ್ಲಿಂದಲೇ. ನೀವೂ ಈ ಕೆಲಸಕ್ಕೆ ಕೈ ಹಾಕಿದರೆ ಮೊದಲು ರಟ್ಟು ಕತ್ತರಿಸಿ, ಆಮೇಲೆ ಮರ. ವಾರ್ನಿಷ್ ಹಚ್ಚುವಾಗ ಯಾರ ಕಣ್ಣಿಗೂ ಬೀಳದ ಬದಿಯಿಂದಲೇ ಶುರುಮಾಡಿ.