ಕೆರೆಯ ಏರಿಯ ಮೇಲೆ

ಸಿಂಹಳದ್ವೀಪಕ್ಕೆ ಹೋದ ಯಾತ್ರಿಕನು ಅನುರಾಧಪುರದ ಮಹಾಬೋಧಿಗೆ ನಮಿಸಿ, ರುವನ್ವೆಲಿಸಾಯದ ಶ್ವೇತಸ್ತೂಪಕ್ಕೆ ಪ್ರದಕ್ಷಿಣೆ ಬಂದು, ಹನ್ನೆರಡನೆಯ ಶತಮಾನದಲ್ಲಿ ಪರಾಕ್ರಮಬಾಹುವು ಪೊಲೊನ್ನರುವದಲ್ಲಿ ವಿಸ್ತರಿಸಿ ಕಟ್ಟಿಸಿದ ಸಮುದ್ರೋಪಮವಾದ ಕೆರೆಯ ದಡದಲ್ಲಿ ಒಂದು ಸಂಜೆಯನ್ನು ಕಳೆದು ಹಿಂದಿರುಗಿದನೆಂದರೆ, ಅವನು ಆ ನಾಡನ್ನು ನೋಡಲೇ ಇಲ್ಲವೆನ್ನುವುದು ಅನ್ಯಾಯವಾದೀತು. ನಾನೂ ಅವೆಲ್ಲವನ್ನೂ ಭಕ್ತಿಯಿಂದಲೇ ನೋಡಿದೆನು. ಆದರೆ ಅರಸರು ಅಳಿದ ಮೇಲೂ ಕೆರೆಗಳನ್ನು ಉಳಿಸಿಕೊಂಡು ಬಂದ ಜನರು ಎಂಥವರು, ಅವರು ಒಬ್ಬರೊಡನೊಬ್ಬರು ಹೇಗೆ ಬಾಳಿದರು ಎಂಬುದನ್ನು ಆ ಶಿಲೆಗಳು ಹೇಳಲಾರವು. ಅದು ನನಗೆ ತಿಳಿದುಬಂದದ್ದು ಅನುರಾಧಪುರದ ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ, ಶ್ರಮದಾನ ಶಿಬಿರವೊಂದರಲ್ಲಿ, ಮಣ್ಣಿನ ಮಂಕರಿಯನ್ನು ಕೈಯಿಂದ ಕೈಗೆ ಸಾಗಿಸುವ ಸಾಲಿನಲ್ಲಿ ನಿಂತಾಗ.

ಆ ದೇಶದ ಶ್ರಮದಾನಕ್ಕೂ ನಮ್ಮ ನೆಲಕ್ಕೂ ಬಾಂಧವ್ಯವುಂಟು. ವಿನೋಬಾ ಭಾವೆಯವರ ಗ್ರಾಮದಾನವನ್ನು ಕುರಿತು ಚರ್ಚಿಸಲು ದೇಶದ ನಾಯಕರು ಮೈಸೂರಿನ ಸಮೀಪದ ಯಲವಾಲದಲ್ಲಿ ಕಲೆತದ್ದು 1957ರಲ್ಲಿ. ಅದರ ಮರುವರ್ಷವೇ ಕೊಲಂಬೊ ನಗರದ ನಾಲಂದಾ ವಿದ್ಯಾಲಯದ ಅಧ್ಯಾಪಕರಾದ ಎ.ಟಿ. ಅರಿಯರತ್ನೆಯವರು ತಮ್ಮ ವಿದ್ಯಾರ್ಥಿಗಳನ್ನು ಕನತೊಲುವ ಎಂಬ ಗ್ರಾಮಕ್ಕೆ ಕರೆದೊಯ್ದು, ರೊಡಿಯರೆಂದು ಸಮಾಜವು ದೂರವಿರಿಸಿದ್ದ ಜನರೊಡನೆ ಬೆರೆತು ದುಡಿಯುವಂತೆ ಮಾಡಿದರು. ಗಾಂಧೀಜಿಯವರ ಸರ್ವೋದಯವೆಂಬ ನಾಮವನ್ನು ಸ್ವೀಕರಿಸಿದ ಆ ಮಹನೀಯರು ಅದಕ್ಕೆ ಬುದ್ಧೋಪದೇಶದ ಹುರುಳನ್ನು ತುಂಬಿದರು. ದಾನ, ಪ್ರಿಯವಚನ, ಅರ್ಥಚರ್ಯೆ, ಸಮಾನಾತ್ಮತೆ ಎಂಬ ನಾಲ್ಕು ಧರ್ಮಗಳು ಶಿಬಿರದಲ್ಲಿ ನಿತ್ಯದ ನಡೆಯಾಗಿದ್ದವು. ಮೊದಲ ದಿನ ನನ್ನನ್ನು ‘ಮಹತ್ತಯಾ’ ಎಂದು ಗೌರವದಿಂದ ದೂರವಿರಿಸಿದ ಹಿರಿಯರು, ಒಟ್ಟಿಗೆ ಕುಳಿತು ಕೆಂಪಕ್ಕಿಯ ಅನ್ನವನ್ನೂ ತೆಂಗಿನ ಸಂಬೋಲವನ್ನೂ ಉಂಡ ಮೇಲೆ, ‘ಮಲ್ಲಿ’ ಎಂದು ತಮ್ಮನನ್ನು ಕರೆಯುವಂತೆಯೇ ಕರೆಯತೊಡಗಿದರು.

ನಮ್ಮ ಪಾಲಿಗೆ ಬಂದ ಕೆಲಸ ಹೂಳೆತ್ತಿ ಏರಿಯನ್ನು ಬಲಪಡಿಸುವುದು. ಏರಿ, ತೂಬು, ಕೋಡಿಗಳೇನೋ ಕನ್ನಡಿಗನ ಕಣ್ಣಿಗೆ ಪರಿಚಿತವಾದವೇ. ಆದರೆ ಊರಿನ ನೀರುಗಂಟಿಯಾದ ವೆಲ್‌ವಿದಾನೆಯವರು, ಇಂಗ್ಲಿಷ್ ಬಲ್ಲ ಶಾಲಾಮಾಸ್ತರೊಬ್ಬರ ನೆರವಿನಿಂದ, ಕೆರೆಯ ಸುತ್ತ ನನ್ನನ್ನು ನಡೆಸುತ್ತ ತೋರಿಸಿದ ರಚನೆಯನ್ನು ನಾನು ಬೇರೆಲ್ಲಿಯೂ ಅಷ್ಟು ಸಾವಧಾನವಾಗಿ ನೋಡಿರಲಿಲ್ಲ. ಕೆರೆಯ ಮೇಲಂಚಿನಲ್ಲಿ ಗಾಳಿಯ ವೇಗವನ್ನು ತಡೆದು ನೀರು ಆವಿಯಾಗುವುದನ್ನು ಕಡಮೆ ಮಾಡುವ ಮರಗಳ ಸಾಲು, ಅದು ಗಸ್‌ಗೊಮ್ಮನ. ಹರಿದುಬರುವ ಮಣ್ಣನ್ನು ಸೋಸುವ ಹುಲ್ಲಿನ ಪಟ್ಟಿ, ಅದು ಪೆರಹನ. ಹೂಳನ್ನು ಮೊದಲೇ ಹಿಡಿದು ಕಾಡಿನ ಮೃಗಗಳಿಗೂ ನೀರುಣಿಸುವ ಸಣ್ಣ ಹೊಂಡ, ಅದು ಗೊಡವಲ. ಏರಿಗೂ ಗದ್ದೆಗೂ ನಡುವೆ, ಜಿನುಗುವ ನೀರಿನ ಉಪ್ಪಿನಂಶವನ್ನು ಹೀರಿಕೊಳ್ಳುವ ಪೊದೆಗಳ ತಗ್ಗು, ಅದು ಕಟ್ಟಕಡುವ. ನಗರದವನ ದೃಷ್ಟಿಗೆ ಪಾಳುಬಿದ್ದ ಕುರುಚಲೆಂದು ತೋರುವ ಆ ಪೊದೆಯಲ್ಲಿ ಅನೇಕ ತಲೆಮಾರುಗಳ ವಿವೇಕವು ಬೇರುಬಿಟ್ಟಿದೆ. ಕಳೆಯೆಂದು ಅದನ್ನು ಸವರಿಹಾಕಲು ಉತ್ಸಾಹಿಯಾದ ಸೇವಕನೊಬ್ಬನು ಕತ್ತಿ ಹಿಡಿದು ಹೊರಟರೆ ಅರ್ಧ ದಿನ ಸಾಕು; ಆದುದರಿಂದಲೇ ಪರದೇಶಕ್ಕೆ ಸೇವೆಗೆಂದು ಬಂದವನು ಮೊದಲು ಅಲ್ಲಿಯವರ ಹಿಂದೆ ಮೌನವಾಗಿ ನಡೆದು ನೋಡಬೇಕೆಂದು ನಾನು ದೃಢವಾಗಿ ನಂಬುತ್ತೇನೆ.

ಹಿಂದೆ ಈ ದುರಸ್ತಿಯು ರಾಜಕಾರಿಯವೆಂಬ ಕಡ್ಡಾಯದ ದುಡಿಮೆಯಿಂದಲೂ ನಡೆಯುತ್ತಿದ್ದಿತು. ಬ್ರಿಟಿಷರು 1832ರಲ್ಲಿ ಅದನ್ನು ರದ್ದುಪಡಿಸಿದರು. ಬಿಟ್ಟಿಯ ನೊಗ ಕಳಚಿದ್ದು ನ್ಯಾಯವೇ. ಆದರೆ ಅದರೊಡನೆ ಊರೊಟ್ಟಿನ ದುರಸ್ತಿಯೂ ಸಡಿಲಿ ಹಲವು ಕೆರೆಗಳು ಬಿರಿದುಹೋದವು. ದೊರೆಯ ಅಪ್ಪಣೆಯಿಂದ ನಡೆದದ್ದು ಮನಸ್ಸಿನ ಒಪ್ಪಿಗೆಯಿಂದಲೂ ನಡೆದೀತೇ ಎಂಬ ಪ್ರಶ್ನೆಗೆ ಆ ಮಂಕರಿಗಳ ಸಾಲೇ ಉತ್ತರ ಕೊಡುತ್ತಿದ್ದಿತು. ನನ್ನ ತೋಳಿನ ಬಲದಿಂದ ಆ ಏರಿಗೆ ಆದ ಲಾಭವು ಅತ್ಯಲ್ಪ. ಅಲ್ಲಿ ತೀರ ಬಡವರ ಮಗುವೂ ಬೆಂಕಿಪೊಟ್ಟಣದಷ್ಟು ಅಕ್ಕಿಯನ್ನು ತಂದು ಎಲ್ಲರ ಪಾತ್ರೆಗೆ ಸುರಿಯುವ ಪದ್ಧತಿಯುಂಟು. ಕೊಡುವ ಘನತೆ ಯಾರಿಗೂ ತಪ್ಪಬಾರದೆಂಬುದೇ ಅದರ ಉದ್ದೇಶ. ಆ ಅಕ್ಕಿಯ ಅನ್ನವನ್ನು ಉಂಡವನು ತಾನು ಉಪಕಾರಿಯೆಂದು ಹೇಗೆ ತಾನೆ ತಿಳಿದಾನು!

ಹೊರಡುವ ಮುನ್ನ, ಬಿತ್ತನೆಗೆ ಮೊದಲು ಸೇರುವ ರೈತರ ಸಭೆಯಲ್ಲಿ ಮೂಲೆಯೊಂದರಲ್ಲಿ ಕುಳಿತೆನು. ಮಳೆ ಕಡಮೆಯಾಗಿ ಕೆರೆ ತುಂಬದ ವರ್ಷದಲ್ಲಿ ಅವರು ‘ಬೆತ್ಮ’ವೆಂಬ ಏರ್ಪಾಟನ್ನು ಅನುಸರಿಸುವರು: ಅಚ್ಚುಕಟ್ಟನ್ನೆಲ್ಲ ಉಳದೆ, ಏರಿಗೆ ಹತ್ತಿರದ ಗದ್ದೆಗಳನ್ನಷ್ಟೇ, ಅವು ಯಾರವೆಂದು ಎಣಿಸದೆ, ಎಲ್ಲ ಹಿಡುವಳಿದಾರರೂ ಪಾಲು ಮಾಡಿಕೊಂಡು ಬೆಳೆಯುವುದು. ಏರಿಯ ಬುಡದಲ್ಲಿ ಜಮೀನುಳ್ಳವನು ಅದಕ್ಕೆ ಸುಮ್ಮನೆ ಒಪ್ಪುವನೇ ಎಂದು ಕೇಳಿದೆನು. “ಸುಮ್ಮನೆ ಎಲ್ಲಿ ಒಪ್ಪುತ್ತಾನೆ, ಮಲ್ಲಿ? ಜಗಳವಾಡಿಯೇ ಒಪ್ಪುತ್ತಾನೆ,” ಎಂದರು ವೆಲ್‌ವಿದಾನೆಯವರು. ಹಾಗೆಯೇ ಆಯಿತು. ವಾದವು ಕತ್ತಲಾಗುವವರೆಗೆ ನಡೆಯಿತು; ಒಬ್ಬರು ಎದ್ದು ಹೋಗಿ, ಮತ್ತೆ ಬಂದು ಕುಳಿತರು; ಕಡೆಗೆ ಯಾರಿಗೆ ಎಷ್ಟು ನೆಲ, ತೂಬು ಎತ್ತುವುದು ಯಾವಾಗ, ಮುರಿದ ಬೇಲಿಯನ್ನು ಯಾರು ಕಟ್ಟಬೇಕು ಎಂಬುದೆಲ್ಲ ನಿಶ್ಚಯವಾಯಿತು.