ಕೀಲೆಣ್ಣೆಯ ಕಾಲ ದಾಟಿ

ನಮ್ಮ ಹಿರಿಯರ ಚಕ್ಕಡಿಗೆ ಬೇಕಾಗಿದ್ದುದು ಕೀಲೆಣ್ಣೆಯೊಂದೇ. ಔಡಲ ಎಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿಯನ್ನು ಕಲಸಿ ಅಚ್ಚಿಗೆ ಸವರಿದರೆ ಗಾಲಿ ಸದ್ದಿಲ್ಲದೆ ಉರುಳುತ್ತಿತ್ತು. ದಾರಿಯಲ್ಲಿ ತೊಟ್ಟಿಕ್ಕಿದ್ದನ್ನು ಮಣ್ಣು ಕಾಲಕ್ರಮದಲ್ಲಿ ಜೀರ್ಣಿಸಿಕೊಳ್ಳುತ್ತಿತ್ತು. ಇಂದು ಗುಡ್ಡಾಪುರದ ನಮ್ಮ ಅಂಗಳದಲ್ಲಿ ಸ್ವಯಂಚಾಲಿತ ಗೇರಿನ ಕಾರು ನಿಲ್ಲುತ್ತದೆ. ಅದರ ಎಣ್ಣೆಯನ್ನು ನಾನೇ ಬದಲಿಸುತ್ತೇನೆ.

ಈ ಎಣ್ಣೆಯ ಕೆಲಸ ಕೀಲೆಣ್ಣೆಯ ಕೆಲಸಕ್ಕಿಂತ ಹಿರಿದು. 1939ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯು ‘ಹೈಡ್ರಾಮ್ಯಾಟಿಕ್’ ಎಂಬ ಗೇರುಪೆಟ್ಟಿಗೆಯನ್ನು ಪರಿಚಯಿಸಿದಂದಿನಿಂದ ಇಂಥ ವಾಹನಗಳಲ್ಲಿ ಇಂಜಿನ್ನಿನ ಬಲವನ್ನು ಗೇರುಗಳಿಗೆ ದಾಟಿಸುವುದು ದ್ರವವೇ. ಕ್ಲಚ್ ಫಲಕಗಳನ್ನು ಒತ್ತಿ ಹಿಡಿಯುವುದೂ, ಬಿಸಿಯನ್ನು ಹೊತ್ತೊಯ್ಯುವುದೂ, ಸವೆತವನ್ನು ತಡೆಯುವುದೂ ಅದೇ. ಹೊಸದಿದ್ದಾಗ ಸಾಮಾನ್ಯವಾಗಿ ಕೆಂಪಗಿರುತ್ತದೆ. ದುಡಿದು ಬೆಂದ ಮೇಲೆ ಕಂದಾಗುತ್ತದೆ.

ಕ್ರಮ ಸರಳ, ಆದರೆ ಅವಸರ ಸಲ್ಲದು. ಕಾರಿನ ಕೈಪಿಡಿ ಹೇಳಿದ ಜಾತಿಯ ಎಣ್ಣೆಯನ್ನೇ ತರಬೇಕು. ಸಿವಿಟಿ ಗೇರುಪೆಟ್ಟಿಗೆಗೆ ಬೇರೆ ದ್ರವ, ಎಎಂಟಿಗೆ ಬೇರೆ. ಸಮನೆಲದಲ್ಲಿ ಜಾಕನ್ನಷ್ಟೇ ನಂಬದೆ ಗಟ್ಟಿ ಆಧಾರಗಳ ಮೇಲೆ ಕಾರನ್ನು ನಿಲ್ಲಿಸಬೇಕು. ತುಂಬುವ ಬಾಯಿ ತೆರೆಯುವುದೆಂದು ಖಚಿತವಾದ ಬಳಿಕವೇ ಕೆಳಗಿನ ಬಿರಡೆಯನ್ನು ಬಿಚ್ಚಬೇಕು. ಇಳಿದ ಎಣ್ಣೆಯನ್ನು ಅಳೆದು ಅಷ್ಟನ್ನೇ ತುಂಬಿ, ಕೈಪಿಡಿ ಸೂಚಿಸಿದ ಉಷ್ಣತೆಯಲ್ಲಿ ಮಟ್ಟವನ್ನು ನೋಡಬೇಕು. ಒಂದು ಸಲಕ್ಕೆ ಎಲ್ಲವೂ ಇಳಿಯದು; ಟಾರ್ಕ್ ಕನ್ವರ್ಟರಿನಲ್ಲಿ ಸಾಕಷ್ಟು ಉಳಿದುಬಿಡುತ್ತದೆ.

ನಿಜವಾದ ಪ್ರಶ್ನೆ ಏಳುವುದು ಆಮೇಲೆ. ಬೋಗುಣಿಯಲ್ಲಿರುವ ಹಳೆಯ ಎಣ್ಣೆಯನ್ನು ಏನು ಮಾಡುವುದು? ಪಕ್ಕದ ಹೊಲದ ಹಿರಿಯರೊಬ್ಬರು ಬೇಲಿಯ ಗೂಟಗಳಿಗೆ ಬಳಿಯಲು ಅದನ್ನು ಕೇಳಿದರು. ಗೆದ್ದಲು ಬಾರದೆಂಬುದು ಅವರ ಅನುಭವ. ಹಿರಿಯರಿಗೆ ಇಲ್ಲವೆನ್ನುವುದು ನನಗೆ ಸುಲಭವಾಗಿರಲಿಲ್ಲ. ದಾನಮ್ಮನ ಊರಿನಲ್ಲಿ ಕೇಳಿದವರಿಗೆ ಇಲ್ಲವೆನ್ನುವುದು ವಾಡಿಕೆಯೂ ಅಲ್ಲ. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ದಾನಗುಣದಿಂದಲೇ ದಾನಮ್ಮನಾದಳೆಂದು ನಾವು ಕೇಳುತ್ತ ಬೆಳೆದವರು. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರದ ಕಡೆಯಿಂದ ಪಾದಯಾತ್ರೆಯಲ್ಲಿ ಬರುವವರಿಗೆ ನೀರು ಕೊಡುವುದನ್ನು ಪುಣ್ಯವೆಂದೇ ಬಗೆದವರು.

ಆ ನೀರನ್ನು ನೆನೆದೇ ನಾನು ಇಲ್ಲವೆಂದೆ. ಬರ ಕಂಡ ಜತ್ತ ತಾಲೂಕಿನಲ್ಲಿ ಬಾವಿಯ ತಳದ ನೀರಿಗಿಂತ ಬೆಲೆಯುಳ್ಳದ್ದು ಯಾವುದಿದೆ? ಗೂಟಕ್ಕೆ ಬಳಿದದ್ದು ಮಳೆಗೆ ತೊಳೆದು ಮಣ್ಣಿಗಿಳಿಯುತ್ತದೆ. ಅದರಲ್ಲಿ ಸವೆದ ಲೋಹದ ಕಣಗಳಿವೆ. ಔಡಲ ಎಣ್ಣೆಯಂತೆ ಅದು ಬೇಗ ಕರಗಿಹೋಗುವುದಲ್ಲ. 2016ರ ಕೇಂದ್ರ ಸರ್ಕಾರದ ನಿಯಮಗಳೂ ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಎಣಿಸಿವೆ. ಅದನ್ನು ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಪೇಟೆಯಲ್ಲಿ ಮರುಶುದ್ಧೀಕರಣಕ್ಕೆ ಕೊಳ್ಳುವವರಿಗೆ ಒಪ್ಪಿಸುವೆನೆಂದು ವಿವರಿಸಿದೆ.

ಹಿರಿಯರು ಕೆಲಹೊತ್ತು ಮಾತಾಡಲಿಲ್ಲ. ಅವರ ಹೊಲದ ಬಾವಿ ಆ ಬೇಲಿಯಿಂದ ಹತ್ತು ಮಾರು ದೂರದಲ್ಲಿತ್ತು. ಆಮೇಲೆ ಕೇಳಿದ್ದು ಇಷ್ಟೇ: “ಹಂಗಾದ್ರ ನಮ್ಮ ಟ್ರ್ಯಾಕ್ಟರಿನ ಹಳೇ ಎಣ್ಣೀನೂ ಒಯ್ತೀಯೇನಪಾ?”